ಒಗ್ಗರಣೆ ಡಬ್ಬಿಯ ಸ್ಕ್ರೂಗಳು

ಅಮ್ಮನ ಹಳೆಯ ಒಗ್ಗರಣೆ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಮುಚ್ಚಳ ಒಂದು ಕಡೆ ನೆಗ್ಗಿದೆಯೆಂದು ಅಮ್ಮ ಹೊಸದು ತಂದಾಗ ಇದನ್ನು ಕೇಳಿ ಇಸಕೊಂಡೆ. ಸಾಸಿವೆ, ಜೀರಿಗೆ, ಮೆಂತ್ಯ ತುಂಬಿರುತ್ತಿದ್ದ ಏಳು ಬಟ್ಟಲುಗಳಲ್ಲಿ ವರ್ಷಕ್ಕೆರಡು ಸಲ ಸ್ಕ್ರೂಗಳು ಬಂದು ಕೂರುತ್ತವೆ. ಕೀಬೋರ್ಡಿನವು ಒಂದರಲ್ಲಿ, ಅಂಗೈ ಊರುವ ಪಟ್ಟಿಯವು ಇನ್ನೊಂದರಲ್ಲಿ. ಡಿಸ್ಕಿನ ಮುಚ್ಚಳಕ್ಕಿರುವುದು ಒಂದೇ ಸ್ಕ್ರೂ, ಅದಕ್ಕೂ ಪ್ರತ್ಯೇಕ ಬಟ್ಟಲು. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದನ್ನು ಹಾಕಿ ತಿರುಗಿಸಿದರೆ ಅದು ಒಳಗಿನ ಬೋರ್ಡಿಗೇ ಚುಚ್ಚೀತು. ಆದ್ದರಿಂದ ಈ ಮಡಿ. ಎಷ್ಟು ತೊಳೆದರೂ ಡಬ್ಬಿಯಿಂದ ಇಂಗಿನ ವಾಸನೆ ಹೋಗಿಲ್ಲ. ಹೋಗುವುದು ನನಗೆ ಬೇಕಾಗಿಯೂ ಇಲ್ಲ.

ಬಿಚ್ಚುವುದು ಥಿಂಕ್‌ಪ್ಯಾಡ್ ಎಕ್ಸ್220 ಎಂಬ ಪುಟ್ಟ ಲ್ಯಾಪ್‌ಟಾಪನ್ನು. 2011ರ ಮಾದರಿ. 12.5 ಇಂಚಿನ ಪರದೆ, ಬ್ಯಾಟರಿ ಸೇರಿ ಒಂದೂವರೆ ಕಿಲೋದ ಆಸುಪಾಸು. ನಾನು ಕೊಂಡದ್ದು 2016ರಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಯಾವುದೋ ಕಚೇರಿಯವರು ಬಳಸಿ ಬಿಟ್ಟ ಹತ್ತಾರು ಲ್ಯಾಪ್‌ಟಾಪುಗಳು ಇಟ್ಟಿಗೆ ಪೇರಿಸಿದಂತೆ ನಿಂತಿದ್ದವು. ಅಂಗಡಿಯವರು ಮೂರನೆಯದನ್ನು ಎಳೆದು ಕೈಗಿತ್ತರು. ಹಿಡಿದ ಕೂಡಲೇ ಇದೇ ಸಾಕು ಅನ್ನಿಸಿತು. ವಾರಕ್ಕೊಮ್ಮೆ ಊರಿಗೆ ಹೋಗಿ ಬರುವವನಿಗೆ ಭಾರ ಎನ್ನುವುದು ಭುಜಕ್ಕೆ ಗೊತ್ತಾಗುವ ಲೆಕ್ಕ. ಕೆಂಪು ಬಸ್ಸಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡರೆ ಪಕ್ಕದವರ ಮೊಣಕೈಗೆ ತಾಗದೆ ಬರೆಯಬಹುದು. ನನ್ನ ಅರ್ಧದಷ್ಟು ಬರಹ ಹುಟ್ಟಿದ್ದು ತುಮಕೂರಿಗೂ ಶಿವಮೊಗ್ಗಕ್ಕೂ ನಡುವೆ.

ಈ ಕಪ್ಪು ಪೆಟ್ಟಿಗೆಯ ವಂಶ ಶುರುವಾದದ್ದು 1992ರಲ್ಲಿ, ಐಬಿಎಂ ಕಂಪನಿಯಲ್ಲಿ. ರೂಪ ಕೊಟ್ಟ ವಿನ್ಯಾಸಕ ಜರ್ಮನಿಯ ರಿಚರ್ಡ್ ಸ್ಯಾಪರ್. ಜಪಾನಿನ ಬೆಂಟೊ ಊಟದ ಡಬ್ಬಿ ಅವರಿಗೆ ಸ್ಫೂರ್ತಿ: ಹೊರಗೆ ಕರಿ ಮುಚ್ಚಳ, ತೆರೆದರೆ ಒಳಗೆ ಅಚ್ಚುಕಟ್ಟಾಗಿ ಮನೆ ಮನೆ. 2005ರಲ್ಲಿ ಈ ವ್ಯವಹಾರ ಲೆನೊವೊ ಕೈಗೆ ಬಂದ ಮೇಲೂ ಆ ರೂಪ ಉಳಿಯಿತು. ಬೆಂಟೊ ಡಬ್ಬಿಯ ಸಂಗತಿ ಓದಿದ ದಿನ ನನ್ನ ಒಗ್ಗರಣೆ ಡಬ್ಬಿಯನ್ನು ಇನ್ನೊಮ್ಮೆ ನೋಡಿದೆ. ಅದು ಸರಿಯಾದ ಮನೆಗೇ ಸೇರಿದೆ ಅನ್ನಿಸಿತು.

ಈ ಲ್ಯಾಪ್‌ಟಾಪಿನ ಬೆನ್ನು ನೋಡಬೇಕು. ಕೆಲವು ಸ್ಕ್ರೂಗಳ ಪಕ್ಕದಲ್ಲಿ ಅದು ಯಾವ ಭಾಗವನ್ನು ಹಿಡಿದಿದೆಯೆಂದು ಪುಟಾಣಿ ಚಿತ್ರ ಕೊರೆದಿದ್ದಾರೆ. ತಯಾರಕರೇ ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದಾರೆ. ಯಾವ ಸ್ಕ್ರೂ ಎಷ್ಟು ಉದ್ದ, ಯಾವ ಬಣ್ಣ, ಎಷ್ಟು ಬಿಗಿಯಬೇಕು ಎಲ್ಲವೂ ಅದರಲ್ಲಿದೆ. ಒಳಗೆ ಬಾ ಎಂದು ಕರೆಯುವ ಯಂತ್ರ ಇದು. ಇವತ್ತಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬ್ಯಾಟರಿಗೆ ಅಂಟು ಮೆತ್ತಿರುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದುಡ್ಡು ಕೊಟ್ಟವನಿಗೆ ತನ್ನ ವಸ್ತುವಿನ ಒಳಮನೆ ನೋಡುವ ಹಕ್ಕು ಬೇಡವೇ? ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದರ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಎಂದು ತೋರಿಸಲೇಬೇಕು. ನಮ್ಮ ಅಂಗಡಿಗಳಲ್ಲೂ ಬೆಲೆಯ ಚೀಟಿಯ ಪಕ್ಕ ಅಂಥದ್ದೊಂದು ಅಂಕ ಕಾಣಬೇಕೆಂಬುದು ನನ್ನ ಆಸೆ.

ಮೊದಲು ಬದಲಿಸಿದ್ದು ಡಿಸ್ಕು. ಹಳೆಯ ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಸೂಜಿ ಓಡಾಡುತ್ತದೆ. ಬಸ್ಸು ಗುಂಡಿಗೆ ಇಳಿದಾಗೆಲ್ಲ ನನ್ನ ಜೀವ ಹೋಗಿ ಬರುತ್ತಿತ್ತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದ ಮೇಲೆ ಆ ಭಯ ಹೋಯಿತು, ಶುರುವಾಗಲು ಕಾಯುವುದೂ ತಪ್ಪಿತು. ಒಂದು ಮಾತು ನೆನಪಿರಲಿ: ಈ ಮಾದರಿಯಲ್ಲಿ ಹಿಡಿಸುವುದು 7 ಮಿಲಿಮೀಟರ್ ದಪ್ಪದ ಡಿಸ್ಕು ಮಾತ್ರ, ಸಾಮಾನ್ಯ 9.5 ಮಿಲಿಮೀಟರಿನದು ಕೂರುವುದಿಲ್ಲ. ಆಮೇಲೆ ರ‍್ಯಾಮ್. ಕಾಗದದ ಮೇಲೆ 8 ಜಿಬಿ ಎಂದಿದ್ದರೂ 8ರ ಎರಡು ಪಟ್ಟಿ ಹಾಕಿದರೆ 16 ಜಿಬಿಯನ್ನೂ ಒಪ್ಪಿಕೊಳ್ಳುತ್ತದೆ. ಪಟ್ಟಿಯನ್ನು ಓರೆಯಾಗಿ ತೂರಿಸಿ ಮೆಲ್ಲಗೆ ಕೆಳಗೊತ್ತಿದರೆ ಎರಡು ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿಯುತ್ತವೆ. ಆ ಸದ್ದು ಕೇಳುವವರೆಗೆ ಉಸಿರು ಬಿಗಿಹಿಡಿದೇ ಇದ್ದೆ.

ಬ್ಯಾಟರಿಯ ವಿಷಯದಲ್ಲಿ ಏಟು ತಿಂದೆ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಅಂಗಡಿಯಿಂದ ಲೋಕಲ್ ಬ್ಯಾಟರಿ ತಂದಿದ್ದೆ. ಏಳೆಂಟು ತಿಂಗಳಿಗೆ ಅದರ ಹೊಟ್ಟೆ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಾಯಿತು. ಹೊರಗಿನಿಂದಲೇ ಕಳಚುವ ಬ್ಯಾಟರಿಯಾದ್ದರಿಂದ ಎರಡು ಚಿಲಕ ಸರಿಸಿ ತಕ್ಷಣ ಬೇರೆ ಮಾಡಿದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮನೆಯ ಕಸಕ್ಕೆ ಹಾಕಬಾರದು. ಇ-ತ್ಯಾಜ್ಯ ಪಡೆಯುವವರಿಗೇ ಒಪ್ಪಿಸಿ ಬಂದೆ. ಈಗಿನದಕ್ಕೆ ಮಾಡುವ ಆರೈಕೆಯೇ ಬೇರೆ. ಲಿನಕ್ಸ್‌ನಲ್ಲಿ ಟಿಎಲ್‌ಪಿ ಎಂಬ ಸಣ್ಣ ತಂತ್ರಾಂಶವಿದೆ. ಚಾರ್ಜು ನೂರಕ್ಕೆ 75ಕ್ಕಿಂತ ಇಳಿದರೆ ಮಾತ್ರ ತುಂಬು, 80ಕ್ಕೆ ನಿಲ್ಲಿಸು ಎಂದು ಅದಕ್ಕೆ ಹೇಳಿಟ್ಟಿದ್ದೇನೆ. ಸದಾ ನೂರು ತುಂಬಿಕೊಂಡು ಬಿಸಿಯಲ್ಲಿರುವ ಲಿಥಿಯಂ ಕೋಶ ಬೇಗ ಮುಪ್ಪಾಗುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತೇನೆ.

ಊರಿನ ಮನೆ ತೀರ್ಥಹಳ್ಳಿ ಕಡೆ. ಆಷಾಢದಲ್ಲಿ ಅಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಅಲ್ಲಿದ್ದಷ್ಟು ದಿನ ಕೆಲಸವಿರಲಿ ಬಿಡಲಿ, ದಿನಕ್ಕೊಂದು ಗಂಟೆ ಲ್ಯಾಪ್‌ಟಾಪ್ ಹಚ್ಚಿಡುತ್ತೇನೆ. ಅದರ ಮೈಬಿಸಿಯೇ ಒಳಗಿನ ತೇವಕ್ಕೆ ಮದ್ದು. ಬೆಂಗಳೂರಿನದು ಬೇರೆ ಕಾಟ, ಧೂಳು. ಆರು ತಿಂಗಳಿಗೊಮ್ಮೆ ತೆರೆದರೆ ಫ್ಯಾನಿನ ಗಾಳಿ ಹೊರಬೀಳುವ ತಾಮ್ರದ ಜಾಲರಿಯ ಮುಂದೆ ಹಳೆ ಕಂಬಳಿಯ ತುಂಡಿನಂಥ ಬೂದು ಪದರ ಕೂತಿರುತ್ತದೆ. ಮೆತ್ತನೆಯ ಬಣ್ಣದ ಕುಂಚದಿಂದ ಅದನ್ನು ಎಬ್ಬಿಸಬೇಕು. ಫ್ಯಾನಿನ ರೆಕ್ಕೆಗೆ ಹಲ್ಲುಕಡ್ಡಿ ಅಡ್ಡ ಕೊಟ್ಟು, ತಿರುಗದಂತೆ ಹಿಡಿದು ಒರೆಸಬೇಕು. ಪದರ ಇಡಿಯಾಗಿ ಎದ್ದು ಬಂದಾಗ, ಮಗುವಿನ ಕಟ್ಟಿದ ಮೂಗು ಬಿಟ್ಟಾಗ ತಾಯಿಗೆ ಆಗುವಂಥ ನೆಮ್ಮದಿ.

ನನಗೆ ಎಲ್ಲಕ್ಕಿಂತ ಪ್ರೀತಿ ಕೀಬೋರ್ಡಿನ ಮೇಲೆ. ಏಳು ಸಾಲಿನ ಹಳೇ ಮಾದರಿಯ ಕೀಬೋರ್ಡು, ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುವಷ್ಟು ಆಳ. ನಾನು ಬರೆಯುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರ ಬೇಕೆಂದರೆ ನಡುವೆ ‘ಎಫ್’ ಒತ್ತಬೇಕು. ಅಕ್ಕ, ಅಪ್ಪ, ಬೆಣ್ಣೆ, ಹಣ್ಣು, ಎಲ್ಲಕ್ಕೂ ಅದೇ ಕೀಲಿ. ಎಂಟು ವರ್ಷಕ್ಕೆ ಅದರ ಮೇಲಿನ ಬಿಳಿ ಅಕ್ಷರ ಮಾಸಿತು. ನೋಡದೆಯೇ ತೋರುಬೆರಳಿಗೆ ಜಾಗ ತಿಳಿಯಲೆಂದು ಆ ಕೀಲಿಯ ಮೇಲಿರುವ ಸಣ್ಣ ಉಬ್ಬುಗೆರೆಯೂ ಸವೆದು ನುಣುಪಾಯಿತು. ಇಂಗ್ಲಿಷ್ ಬರೆಯುವವರ ಕೀಬೋರ್ಡಿನಲ್ಲಿ ಎಫ್ ಇಷ್ಟು ಸವೆಯುವುದಿಲ್ಲ. ಕೊನೆಗೆ ಕೀಲಿಯ ಕೆಳಗಿನ ರಬ್ಬರ್ ಸೋತು, ಮೂರು ಸಲ ಒತ್ತಿದರೆ ಎರಡು ಸಲ ‘ಅಕಕ’ ಎಂದೇ ಬೀಳತೊಡಗಿತು.

ಮತ್ತೆ ಎಸ್.ಪಿ. ರಸ್ತೆ. ಮಾಳಿಗೆಯ ಮೇಲಿನ ರಿಪೇರಿ ಅಂಗಡಿಯ ಹಿರಿಯರು ಲ್ಯಾಪ್‌ಟಾಪನ್ನು ತಿರುವಿ ನೋಡಿದರು. ಎಕ್ಸ್‌ಚೇಂಜ್ ಮಾಡಿ ಎನ್ನುತ್ತಾರೆಂದು ಕಾದಿದ್ದೆ. “ಚೆನ್ನಾಗಿ ಇಟ್ಕೊಂಡಿದೀರ ಸಾರ್. ಇದರ ಕೀಬೋರ್ಡ್ ಸಿಗೋದು ಕಮ್ಮಿ ಆಗ್ತಾ ಇದೆ, ಒಂದಿದೆ ಕೊಡ್ತೀನಿ” ಎಂದರು. “ಹಾಕಿಕೊಡಲಾ?”

“ಬೇಡ ಭಾಯ್, ಮನೇಲಿ ನಾನೇ ಹಾಕ್ಕೊತೀನಿ.”

“ಹಾಗಾದ್ರೆ ಮೊದಲು ಬ್ಯಾಟರಿ ತೆಗೀರಿ. ಮರೀಬೇಡಿ.”

ಆ ರಾತ್ರಿ ಡಬ್ಬಿ ತೆರೆದು ಕೂತೆ. ಬ್ಯಾಟರಿ ಕಳಚಿದೆ. ಬೆನ್ನಿನ ಸ್ಕ್ರೂಗಳು ಸಾಸಿವೆಯ ಬಟ್ಟಲಿಗೆ ಬಿದ್ದವು. ಹಳೆಯ ಕೀಬೋರ್ಡನ್ನು ಪರದೆಯ ಕಡೆಗೆ ಸರಿಸಿ ಎತ್ತಿ, ಕೆಳಗಿನ ತಂತಿಪಟ್ಟಿ ಬಿಡಿಸಿದೆ. ಹೊಸದನ್ನು ಕೂರಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಬ್ಯಾಟರಿ ಹಾಕಿ, ಗುಂಡಿ ಒತ್ತಿದೆ. ತೋರುಬೆರಳಿನ ಕೆಳಗೆ ಎಫ್ ಕೀಲಿಯ ಗೆರೆ ಹೊಸ ಅಕ್ಕಿಯ ಕಾಳಿನಂತೆ ಚೂಪಾಗಿ ತಾಗಿತು. ಅಮ್ಮ ಬಾಗಿಲಲ್ಲಿ ನಿಂತು, “ಆಯ್ತೇನೋ?” ಎಂದಳು. ಪರದೆಯ ಮೇಲೆ ‘ಅಕ್ಕ’ ಎಂದು ಬಂದಿತ್ತು. ಇನ್ನೊಂದು ಸಲ ಒತ್ತಿ ನೋಡಿದೆ.