ಕೋವಿಗೊಂದು ಬೆಲ್ಟು

ನಮ್ಮ ಕಡೆ ಕೋವಿ ಸಿಡಿಯುವುದಕ್ಕಿಂತ ತೂಗುವುದೇ ಹೆಚ್ಚು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರ ಮನೆಗೆ ಹೋಗಿ ವಿಚಾರಿಸಿ. ವರ್ಷದ ಬಹುಪಾಲು ಅದು ಒಳಕೋಣೆಯ ಗೂಟದಲ್ಲಿ ತೂಗುತ್ತಿರುತ್ತದೆ. ಮಂಗ ಬಂತೆಂದರೆ ಹೆಗಲಿನಲ್ಲಿ ತೂಗುತ್ತ ತೋಟಕ್ಕೆ ಹೋಗುತ್ತದೆ, ಚುನಾವಣೆ ಬಂತೆಂದರೆ ಹಾಗೇ ತೂಗುತ್ತ ಪೊಲೀಸ್ ಠಾಣೆಗೆ ಹೋಗುತ್ತದೆ. 1972ರಲ್ಲಿ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿಯೆಂಬುದು ಜಗಲಿಯ ಮಾತಿಗೆ ಸೇರಿಹೋಯಿತು. ಈಗ ಉಳಿದಿರುವುದು ಆಕಾಶಕ್ಕೊಂದು ಗಾಳಿ ಈಡು, ಅದೂ ಮಸಿ, ಅಂದರೆ ಕೋವಿಯ ಮದ್ದು, ಒಣಗಿದ್ದರೆ. ಹಾಗಾಗಿ ಕೋವಿಯಲ್ಲಿ ನಿಜವಾಗಿ ದುಡಿಯುವುದು ಅದರ ಬೆಲ್ಟು ಎಂಬುದು ನನ್ನ ವಾದ. ಕೋವಿಗೆ ಸಾವಿರಾರು ರೂಪಾಯಿ ಸುರಿದವರು ಬೆಲ್ಟಿನ ವಿಷಯಕ್ಕೆ ಬಂದಾಗ ಕೊಟ್ಟಿಗೆಯ ಹಗ್ಗ ಹುಡುಕುತ್ತಾರಲ್ಲ, ಅದಕ್ಕೇ ಈ ಹರಟೆ.

ಬಯಲುಸೀಮೆಯವರಿಗೆ ಬೆಲ್ಟಿಲ್ಲದೆಯೂ ನಡೆಯಬಹುದೇನೋ. ಇಲ್ಲಿ ಮನೆಯಿಂದ ತೋಟಕ್ಕೆ ಇಳಿಯುವಷ್ಟರಲ್ಲಿ ಒಂದು ತಡಬೆ ಹತ್ತಿ ಇಳಿಯಬೇಕು, ಒಂದು ಅಗಳ ದಾಟಬೇಕು, ಆಮೇಲೆ ಅಡಿಕೆ ದಬ್ಬೆಯ ಕಾಲುಸಂಕ. ಮಳೆಗಾಲದಲ್ಲಿ ಆ ಸಂಕದ ಮೇಲೆ ನಿಂತವನಿಗೆ ಎರಡು ಕೈಯೂ ಸಾಲದು. ಕಾಲಿಗೆ ಹತ್ತಿದ ಉಂಬಳ ಕೀಳುವುದಕ್ಕೆ ಬೇರೆ ಒಂದು ಕೈ ಬೇಕು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಕೋವಿ, ನಾಯಿ, ಹಂದಿಬೇಟೆ ಎಲ್ಲ ಇರುವ ಆ ಕಾಡಿನೊಳಗೆ ಓದುಗರು ಮರ ಹಕ್ಕಿಗಳನ್ನು ನೋಡುತ್ತ ನಡೆಯುತ್ತಾರೆ. ನನ್ನಂಥವನಿಗೆ ಮಾತ್ರ ಇಷ್ಟೆಲ್ಲ ಹೊತ್ತುಕೊಂಡು ಆ ಜಾರುಗುಡ್ಡ ಹತ್ತಿದ್ದು ಹೇಗೆ ಎಂಬ ಚಿಂತೆ.

ಸೈನ್ಯದವರು ಈ ಸಮಸ್ಯೆಯನ್ನು ಯಾವತ್ತೋ ಬಗೆಹರಿಸಿಕೊಂಡರು. ಹಳೆಯ ಪೊಲೀಸರ ಹೆಗಲಲ್ಲಿ ಕಾಣುತ್ತಿದ್ದ ತ್ರೀ ನಾಟ್ ತ್ರೀ ರೈಫಲ್ಲನ್ನೇ ನೋಡಿ: ಮುಂದೊಂದು, ಹಿಂದೊಂದು ತಿರುಗುವ ರಿಂಗು, ನಡುವೆ ಒಂದೂಕಾಲು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ. ಕಾರ್ಖಾನೆಯಿಂದ ಬರುವ ಜೋಡುನಳಿಗೆ ಕೋವಿಯಲ್ಲೂ ಹಲವಕ್ಕೆ ನಳಿಗೆಯ ಕೆಳಗೆ ಬೆಸೆದ ಕಿವಿಯೊಂದು ಇರುತ್ತದೆ. ಪೇಚಾಟವೆಲ್ಲ ನಳಿಗೆಯ ಬಾಯಿಂದ ಮಸಿ ತುಂಬುವ ಕೇಪಿನ ಕೋವಿಯದು. ಅದರ ನಳಿಗೆಯ ಅಡಿಯಲ್ಲಿ ಮಸಿ ಜಡಿಯುವ ಗಜ ಕೂತಿರುತ್ತದೆ. ಮುಂದಿನ ರಿಂಗಿಗೆಂದು ಅಲ್ಲಿ ತಿರುಪು ಮೊಳೆ ಹೊಡೆದರೆ ಗಜ ಒಳಗೆ ಹೋಗುವುದಿಲ್ಲ. ಹಗ್ಗ ಸುತ್ತಿದರೆ ಗಜ ಹೊರಗೆ ಬರುವುದಿಲ್ಲ. ನಳಿಗೆಯನ್ನೂ ಮರವನ್ನೂ ಸೇರಿಸಿ ತಬ್ಬುವ ತಗಡಿನ ಪಟ್ಟಿಯೊಂದನ್ನು, ಗಜ ಓಡಾಡುವಷ್ಟು ಜಾಗ ಬಿಟ್ಟು ಬಿಗಿದು, ಅದರ ಪಕ್ಕಕ್ಕೆ ರಿಂಗು ಕೂರಿಸುವುದೇ ದಾರಿ. ಕುಲುಮೆಯವನ ಹತ್ತಿರ ಹೋಗಿ ನಳಿಗೆಗೇ ರಿಂಗು ಬೆಸೆಸುವ ಯೋಚನೆಯಿದ್ದರೆ ಬಿಡಿ. ಹಳೆಯ ತೆಳು ನಳಿಗೆಯನ್ನು ಕೆಂಪಗೆ ಕಾಯಿಸಿದರೆ ಅದು ಯಾವ ಈಡಿಗೆ ಬಿರಿಯುತ್ತದೋ ಹೇಳುವಂತಿಲ್ಲ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು.

ಹಿಂದಿನ ರಿಂಗು ಸುಲಭ ಎಂದುಕೊಳ್ಳುತ್ತಾರೆ. ಹೆಗಲಿಗೆ ಒತ್ತುವ ಮರದ ಅಡಿಗೆ ಒಂದು ಸ್ಕ್ರೂ, ಅಷ್ಟೇ ತಾನೆ? ನಮ್ಮೂರಿನ ಆಚಾರಿ ಈ ‘ಅಷ್ಟೇ ತಾನೆ’ ಕೇಳಿದರೆ ಬೈರಿಗೆ ಕೆಳಗಿಟ್ಟು ಎಲೆಯಡಿಕೆ ಹಾಕಲು ಕೂತುಬಿಡುತ್ತಾನೆ. ಮುರಿದ ಮರದ ಬದಲು ಬೀಟೆಯದು ಕೂರಿಸಿದ ಕೋವಿಯಾದರೆ ಅವನ ಉಪದೇಶ ಇನ್ನೂ ಉದ್ದ. ಬೀಟೆ ಗಟ್ಟಿ, ಆದರೆ ಸೀಳುವ ಜಾತಿ. ಸ್ಕ್ರೂವಿಗಿಂತ ಸಣ್ಣ ತೂತು ಮೊದಲು ಕೊರೆಯಬೇಕು, ಸ್ಕ್ರೂವಿನ ಎಳೆಗೆ ಸೋಪು ತಿಕ್ಕಬೇಕು, ಆಮೇಲೆ ನಿಧಾನಕ್ಕೆ ತಿರುಗಿಸಬೇಕು. ತುದಿಯಿಂದ ಮೂರು ಬೆರಳಾದರೂ ಒಳಗಿರಬೇಕು. ಇಲ್ಲವಾದರೆ ಕೋವಿ ನೆಲಕ್ಕೆ ಕುಕ್ಕಿದ ದಿನ ಮೂಲೆಯೇ ಎದ್ದು ಬರುತ್ತದೆ. ಸ್ಕ್ರೂ ಸಡಿಲವಾದರೆ ತೂತಿಗೆ ಬೆಂಕಿಕಡ್ಡಿ ತುರುಕುವ ವಿದ್ಯೆ ಎಲ್ಲರಿಗೂ ಗೊತ್ತು. ಆಚಾರಿಗೆ ಅದು ಪಾಪದ ಕೆಲಸ. “ಭಟ್ರೇ, ಹಳೇ ತೂತಿಗೆ ಗಟ್ಟಿಮರದ ಬೆಣೆ ಹೊಡ್ದು ಅಂಟು ಹಾಕಿ, ಹೊಸ್ದಾಗಿ ಕೊರೀಬೇಕು. ಕಡ್ಡಿ ಇರೋದು ಬೀಡಿ ಹಚ್ಚಕ್ಕೆ” ಎನ್ನುತ್ತಾನೆ. ಸಾಗರದ ಗುಡಿಗಾರರು ಶ್ರೀಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಬಿಡಿಸುವುದನ್ನು ನೋಡಿದವರಿಗೆ ಮರದ ಎಳೆಯ ಮರ್ಜಿ ಕಾಯುವುದು ಎಂದರೇನು ಎಂಬುದು ಗೊತ್ತಿರುತ್ತದೆ. ನಮ್ಮ ಆಚಾರಿ ಗುಡಿಗಾರನಲ್ಲ, ಸಿಟ್ಟು ಮಾತ್ರ ಅವರಷ್ಟೇ ನಾಜೂಕು.

ಇನ್ನು ಪಟ್ಟಿ. ತೊಗಲಿನದಕ್ಕೆ ಇರುವ ಗತ್ತು ಬೇರೆ ಯಾವುದಕ್ಕೂ ಇಲ್ಲ, ಒಪ್ಪಿದೆ. ಆದರೆ ಆಗುಂಬೆ ಇರುವ ಸೀಮೆ ಇದು, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಆಷಾಢದಲ್ಲಿ ತೊಗಲ ಬೆಲ್ಟು ಹಳಸಿದ ಉಪ್ಪಿನಕಾಯಿಯ ಹಾಗೆ ಬೂಸ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಸೆಟೆದು ಬಿರುಕು ಬಿಡುತ್ತದೆ. ಹರಳೆಣ್ಣೆ ತಿಕ್ಕಿ ತಿಕ್ಕಿ ಉಳಿಸಿಕೊಂಡವರೂ ಇದ್ದಾರೆ, ಅವರಿಗೆ ಬೇರೆ ಕೆಲಸವಿಲ್ಲ. ನಮ್ಮ ಸೀಮೆ ತೊಗಲಿಗೆ ಆಗುವುದಿಲ್ಲ ಎನ್ನಲು ನಗರವೆಂಬ ಊರಿನ ಬಾವಿಯೇ ಸಾಕ್ಷಿ. ಆಗ ಕೆಳದಿ ಅರಸರ ಬಿದನೂರಾಗಿದ್ದ ಅದನ್ನು ಹೈದರಾಲಿ ಹಿಡಿದದ್ದು 1763ರಲ್ಲಿ. 2018ರಲ್ಲಿ ಅದೇ ಊರಿನ ಪಾಳುಬಾವಿಯೊಂದರ ಕೆಸರಿನಿಂದ ಸಾವಿರದಷ್ಟು ಕಬ್ಬಿಣದ ರಾಕೆಟ್ ಕೊಳವೆಗಳು ಎದ್ದು ಬಂದವು. ಆ ಕಾಲದಲ್ಲಿ ಅಂಥ ಕೊಳವೆಯನ್ನು ಉದ್ದನೆಯ ಬಿದಿರಿಗೆ ತೊಗಲ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿಗಿತ ತಪ್ಪಿದರೆ ರಾಕೆಟ್ಟು ಹಾರುವ ದಿಕ್ಕೂ ತಪ್ಪುತ್ತಿತ್ತು. ಬಾವಿಯಲ್ಲಿ ಕಬ್ಬಿಣ ಸಿಕ್ಕಿತು, ಒಳಗಿನ ಮದ್ದೂ ಸಿಕ್ಕಿತು. ಪಟ್ಟಿ ಸಿಕ್ಕಿದ ಸುದ್ದಿಯನ್ನು ನಾನು ಓದಿಲ್ಲ.

ನೈಲಾನಿಗೆ ಮಳೆಯ ಭಯವಿಲ್ಲ, ಆದರೆ ಕಂಬಳಿಕೊಪ್ಪೆಯ ಮೇಲೆ ಜಾರುತ್ತದೆ. ಹೆಗಲನ್ನು ಮತ್ತೆ ಮತ್ತೆ ಕುಣಿಸುತ್ತ ನಡೆಯಬೇಕು. ಅಗಲದ ಕ್ಯಾನ್ವಾಸೇ ನನ್ನ ಆಯ್ಕೆ. ಒದ್ದೆಯಾಗುತ್ತದೆ, ಒಣಗುತ್ತದೆ, ಜಂಬವಿಲ್ಲ. ಯಾವ ಬೆಲ್ಟಾದರೂ ಹೆಗಲಿಗೆ ಏರಿಸುವ ಮೊದಲು ತೋಟಾ ಕೋವಿಯಾದರೆ ತೋಟಾ, ಕೇಪಿನದಾದರೆ ಕೇಪು ತೆಗೆದಿರಲೇಬೇಕು. ತಡಬೆ ಹತ್ತುವಾಗ ಕೋವಿಯ ಕುದುರೆ ಬಳ್ಳಿಗೆ ಸಿಕ್ಕಿಕೊಳ್ಳುವುದು ನಮ್ಮಲ್ಲಿ ಅಪರೂಪವೇನಲ್ಲ. ತುಂಬಿದ ಕೇಪಿನ ಕೋವಿಯನ್ನು ಮಳೆನೀರು ಹೋಗದಿರಲೆಂದು ತಲೆಕೆಳಗೆ ನೇತುಹಾಕುವ ಜಾಣರೂ ಇದ್ದಾರೆ. ಚರೆ ಮುಂದಕ್ಕೆ ಸರಿದು ಮಸಿಗೂ ಅದಕ್ಕೂ ನಡುವೆ ಖಾಲಿ ಬಿದ್ದರೆ ನಳಿಗೆ ಸಿಡಿಯುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಬೆಲ್ಟು ಬಿಟ್ಟು ಲೈಸೆನ್ಸಿನ ಮಾತಿಗೆ ಬಂದರೆ ಕೊಡಗಿನವರಿಗೆ ತಾಪತ್ರಯ ಕಡಿಮೆ. ಅದರಿಂದ ಅವರಿಗೆ ಹಳೆಯ ವಿನಾಯಿತಿಯಿದೆ, ಕೈಲ್ ಪೊಳ್ದ್ ಹಬ್ಬದಲ್ಲಿ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಮ್ಮದು ಆಯುಧಪೂಜೆಯ ದಿನ ಮಾತ್ರ ಅರಿಸಿನ ಕುಂಕುಮ ಕಾಣುತ್ತದೆ. ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಲೈಸೆನ್ಸು ಮೂರರ ಬದಲು ಐದು ವರ್ಷ ನಡೆಯುತ್ತದೆ, ಅಷ್ಟರಮಟ್ಟಿಗೆ ಓಡಾಟ ಉಳಿಯಿತು. ಚುನಾವಣೆಗಳು ಮಾತ್ರ ಕಡಿಮೆಯಾಗಲಿಲ್ಲ. ವಿಧಾನಸಭೆ, ಲೋಕಸಭೆ, ಪಂಚಾಯ್ತಿ ಎಂದು ಒಂದಾದ ಮೇಲೊಂದು ಬಂದಾಗ ಠಾಣೆಯ ಮೂಲೆಯಲ್ಲಿ ಕೋವಿಗಳು ಒರಗಿ ನಿಲ್ಲುತ್ತವೆ. ಎಲ್ಲದರ ರಿಂಗಿಗೂ ಹೆಸರಿನ ಚೀಟಿ. ಕೊಂಡಿ ಒತ್ತಿದರೆ ಕಳಚಿ ಬರುವ ಹೊಸ ಮಾದರಿಯ ರಿಂಗು ನಾನು ಕೊಂಡದ್ದು ಇದೇ ಕಾರಣಕ್ಕೆ. ಹೊಸನಗರದ ಭಾವಯ್ಯನಿಗೆ ಆ ಕೊಂಡಿಯ ಮೇಲೆ ನಂಬಿಕೆಯಿಲ್ಲ. “ಒತ್ತಿದ್ರೆ ಬಿಡ್ತು ಅಂದ್ರೆ, ಸಂಕದ ಮೇಲೂ ಬಿಡ್ತಲ್ಲ ಮಾರಾಯ” ಎನ್ನುವುದು ಅವನ ತಕರಾರು. ಇರಬಹುದು. ಆದರೆ ಠಾಣೆಯ ರಶೀದಿಯಲ್ಲಿ ಕೋವಿಯ ನಂಬರು ಬರೆಯುತ್ತಾರೆಯೇ ಹೊರತು ಬೆಲ್ಟಿನ ಸುದ್ದಿ ಇರುವುದಿಲ್ಲ. ಕೋವಿ ಒಪ್ಪಿಸಿ, ಬೆಲ್ಟನ್ನು ಸುತ್ತಿ ಜೇಬಿಗೆ ಹಾಕಿಕೊಂಡು ನಾನು ಬಸ್ಸು ಹತ್ತುತ್ತೇನೆ.