ಮಾರಿ ಇಲ್ಲದ ಚಿತ್ರ

ಕನ್ನಡ ನಾಡಿನ ದೇಗುಲಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವರಲ್ಲಿ ಮೊದಲಿಗರು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸೈನ್ಯಾಧಿಕಾರಿಗಳು ಮತ್ತು ವೈದ್ಯರು. 1855ರಲ್ಲಿ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರಗಳನ್ನು ತೆಗೆದನು. ಆತನ ತರುವಾಯ ವೈದ್ಯ ವಿಲಿಯಂ ಹೆನ್ರಿ ಪಿಗೂ ಈ ಕೆಲಸವನ್ನು ಮುಂದುವರಿಸಿದನು. ಇವರಿಬ್ಬರ ಮತ್ತು ಡಾ. ನೀಲ್ ಎಂಬಾತನ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಆಮೇಲೆ ಹೆನ್ರಿ ಕಸಿನ್ಸ್ ಬಂದನು. 1926ರಲ್ಲಿ ಹೊರಬಂದ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಆತನ ಗ್ರಂಥದಲ್ಲಿ ಹಾವೇರಿಯ ಸಿದ್ಧೇಶ್ವರ ದೇವಾಲಯಕ್ಕೂ ಸ್ಥಾನ ದೊರೆತಿದೆ.

ಬಿಗ್ಸನ ಕಾಲದ ಕ್ಯಾಮೆರಾಕ್ಕೆ ಒಂದು ಮಿತಿಯಿತ್ತು. ಮಸೂರದ ಮುಚ್ಚಳ ತೆರೆದ ಮೇಲೆ ಬೆಳಕು ಕಾಗದದ ಮೇಲೆ ತನ್ನ ಕೆಲಸ ಮುಗಿಸುವವರೆಗೆ ಹಲವು ಕ್ಷಣಗಳು, ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತು ಅಲುಗದೆ ನಿಂತದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತಿತ್ತು. ಗುಡಿ ನಿಂತಿತ್ತು, ಉಳಿಯಿತು. ಗುಡಿಯ ಮುಂದೆ ನೀರು ಹೊತ್ತು ಸಾಗಿದವಳು, ದನ ಅಟ್ಟಿಕೊಂಡು ಹೋದವನು, ಆಡುತ್ತಿದ್ದ ಮಕ್ಕಳು ಇದ್ದರೂ ಇಲ್ಲದಂತಾದರು. ಹಳೆಯ ಛಾಯಾಚಿತ್ರಗಳ ನಿರ್ಜನತೆಗೆ ಊರು ಹಾಳುಬಿದ್ದದ್ದೇ ಕಾರಣವೆಂದು ಭಾವಿಸಬೇಕಿಲ್ಲ. ಜನ ದುಡಿಯುತ್ತಿದ್ದರು, ಆದ್ದರಿಂದ ಚಿತ್ರದಲ್ಲಿ ಮೂಡಲಿಲ್ಲ.

ಈ ಸಂಗತಿಯನ್ನು ರಾಣೆಬೆನ್ನೂರಿನ ಒಬ್ಬ ನಿವೃತ್ತ ಶಾಲಾ ಮಾಸ್ತರರು ಪುಸ್ತಕದಿಂದ ತಿಳಿದಿದ್ದರು. ಅದರ ಅರ್ಥ ಅವರಿಗೆ ಹೊಳೆದದ್ದು ಮಾತ್ರ ಬಹಳ ತಡವಾಗಿ.

ಮಾಸ್ತರರಿಗೆ ಛಾಯಾಗ್ರಹಣದ ಗೀಳು ಹತ್ತಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ರಾಣೆಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಹಾವೇರಿ ಇವೆಲ್ಲ ಹುಬ್ಬಳ್ಳಿ-ಹರಿಹರ ರೈಲುಮಾರ್ಗದ ಮೇಲಿನ ನಿಲ್ದಾಣಗಳು. ರವಿವಾರ ಮತ್ತು ರಜೆಯ ದಿನಗಳಲ್ಲಿ ಅವರು ಹೆಗಲಿಗೆ ಕ್ಯಾಮೆರಾ ತೂಗುಹಾಕಿಕೊಂಡು ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದರು. ಒಂದು ರೋಲಿಗೆ 36 ಚಿತ್ರಗಳು. ಫಿಲ್ಮು, ತೊಳೆಯುವುದು, ಪ್ರಿಂಟು ಎಲ್ಲ ಸೇರಿ ಸಂಬಳದಲ್ಲಿ ಒಂದು ಪಾಲು ಅದಕ್ಕೇ ಸಲ್ಲುತ್ತಿತ್ತು. ಹೀಗಾಗಿ ಪ್ರತಿಯೊಂದು ಚಿತ್ರವನ್ನೂ ಎಣಿಸಿ ಎಣಿಸಿ ತೆಗೆಯುವುದು ಅಭ್ಯಾಸವಾಯಿತು.

ಹಾವೇರಿಗೆ ಅವರು ಮಧ್ಯಾಹ್ನದ ಮೇಲೆಯೇ ಹೋಗುತ್ತಿದ್ದರು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿದ್ದರೆ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಹೋದರೆ ಬಾಗಿಲ ಕಡೆಯೆಲ್ಲ ನೆರಳು. ಸಂಜೆಯ ಇಳಿಬಿಸಿಲು ಮಂಟಪದೊಳಕ್ಕೆ ಹರಿದಾಗ ಬಳಪದ ಕಲ್ಲಿನ ಕಂಬಗಳ ಮೇಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಈ ಗುಡಿ ಮೂಲತಃ ಯಾವ ದೇವರಿಗಾಗಿ ನಿರ್ಮಾಣವಾಯಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಬೆಳಕಿಗೆ ಆ ಜಿಜ್ಞಾಸೆಯಿಲ್ಲವೆಂದು ಮಾಸ್ತರರು ನಗುತ್ತಿದ್ದರು. ಅದೇ ಗುಡಿಯನ್ನು ಅವರು ಮೂವತ್ತು ವರ್ಷಗಳಲ್ಲಿ ನೂರಾರು ಬಾರಿ ತೆಗೆದಿದ್ದಾರೆ. ಅವುಗಳಲ್ಲಿ ಬಹುಪಾಲು ಚಿತ್ರಗಳಲ್ಲಿ ಮನುಷ್ಯರಿಲ್ಲ. ಯಾರಾದರೂ ಅಡ್ಡ ಬಂದರೆ ಅವರು ಹೋಗುವವರೆಗೆ ಮಾಸ್ತರರು ಕಾಯುತ್ತಿದ್ದರು.

ಬ್ಯಾಡಗಿಗೆ ಹೋಗುವುದೆಂದರೆ ಬೇರೆಯೇ ಬಗೆಯ ಪ್ರಯಾಣ. ಅಲ್ಲಿ ನೋಡಬೇಕಾದದ್ದು ಗುಡಿಯಲ್ಲ, ಮೆಣಸಿನಕಾಯಿ ಪೇಟೆ. ಸೋಮವಾರ ಮತ್ತು ಗುರುವಾರದ ವಹಿವಾಟಿಗೆ ಚೀಲಗಳು ಬೆಟ್ಟದಂತೆ ಬಂದು ಬೀಳುತ್ತವೆ. ಉದ್ದನೆಯ ಕಡ್ಡಿ, ಗಿಡ್ಡ ಮತ್ತು ದಪ್ಪನೆಯ ಡಬ್ಬಿ ಎಂದು ಕಾಯಿಯಲ್ಲಿ ಎರಡು ಬಗೆ. ಇದರ ಹೆಸರು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಮಾನ್ಯತೆ ದೊರೆತ ಮೇಲೆ ಆ ಹೆಸರು ಇನ್ನೂ ದೂರ ಹಬ್ಬಿತು. ಕಪ್ಪುಬಿಳುಪು ಫಿಲ್ಮಿನಲ್ಲಿ ಆ ಕೆಂಪೆಲ್ಲ ಬೂದಿಯಾಗಿ ಕಾಣುತ್ತಿದ್ದುದರಿಂದ ಮಾಸ್ತರರು ಬ್ಯಾಡಗಿಗಾಗಿಯೇ ಬಣ್ಣದ ರೋಲನ್ನು ತೆಗೆದಿರಿಸುತ್ತಿದ್ದರು.

ಅಲ್ಲಿ ಸಾಲುಸಾಲಾಗಿ ಕುಳಿತು ಕಾಯಿಯ ತುಂಬು ಬಿಡಿಸುವ, ಎಂದರೆ ತೊಟ್ಟು ತೆಗೆಯುವ ಕೆಲಸ ಹೆಣ್ಣುಮಕ್ಕಳದು. ಸುತ್ತಲ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬರುವ ಅವರು ಘಾಟು ಮೂಗಿಗೆ ಹೊಡೆಯದಂತೆ ಮುಖಕ್ಕೆ ಸೆರಗು ಸುತ್ತಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಬೆರಳುಗಳು ಉರಿಯುತ್ತವೆ. ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಮಾಸ್ತರರು ಅಂಥ ಒಬ್ಬಾಕೆಯ ಚಿತ್ರ ತೆಗೆದರು. ಕಾಯಿಯ ರಾಶಿಯ ನಡುವೆ ಎರಡು ಕೈಗಳು, ಮಣಿಕಟ್ಟಿನ ಮೇಲೆ ಹಚ್ಚೆ, ಹಸಿರು ಗಾಜಿನ ಬಳೆ. ಮುಖ ಬೇಕೆನಿಸಲಿಲ್ಲ. ಕೈಗಳೇ ಎಲ್ಲವನ್ನೂ ಹೇಳುತ್ತವೆ ಎಂಬುದು ಅವರು ಕಲಿತ ಸೌಂದರ್ಯಶಾಸ್ತ್ರ. ಆ ಚಿತ್ರಕ್ಕೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು. ಮುಂದೆ ಅದು ಒಂದು ಕ್ಯಾಲೆಂಡರಿನ ಮೇಲೂ ಅಚ್ಚಾಗಿ ಬ್ಯಾಡಗಿಯ ಅಂಗಡಿಗಳ ಗೋಡೆ ಸೇರಿತು.

ಸುಮಾರು ಹನ್ನೆರಡು ವರ್ಷಗಳ ಬಳಿಕ ಒಬ್ಬ ಯುವಕ ವಿಚಾರಿಸುತ್ತ ವಿಚಾರಿಸುತ್ತ ಮಾಸ್ತರರ ಮನೆಯ ಬಾಗಿಲಿಗೆ ಬಂದನು.

‘ನಮ್ಮವ್ವನ ಫೋಟೊ ನಿಮ್ಮ ಹತ್ರ ಐತಿ ಅಂತ ಹೇಳಿದ್ರ್ಯಪ್ಪಾ. ಆಕಿ ತೀರಿಕೊಂಡು ಹದಿನೈದು ದಿನ ಆತ್ರಿ.’

ಅಂಗಡಿಯ ಕ್ಯಾಲೆಂಡರಿನಲ್ಲಿ ತನ್ನ ಹಚ್ಚೆಯನ್ನು ಗುರುತಿಸಿ, ‘ಇವು ನನ್ನ ಕೈ’ ಎಂದು ತಾಯಿ ಮನೆಮಂದಿಗೆಲ್ಲ ತೋರಿಸಿದ್ದಳಂತೆ. ಅವಳ ಬೇರೆ ಚಿತ್ರ ಮನೆಯಲ್ಲಿರಲಿಲ್ಲ. ಪಡಿತರ ಚೀಟಿಯ ಮೇಲಿದ್ದುದು ಒರೆಸಿಹೋಗಿ ಗುರುತು ಹತ್ತದಂತಾಗಿತ್ತು. ಕೈಯ ಚಿತ್ರ ತೆಗೆದವರ ಬಳಿ ಮುಖದ್ದೂ ಇದ್ದೇ ಇರುತ್ತದೆ ಎಂಬುದು ಆ ಹುಡುಗನ ನಂಬಿಕೆ. ಮಾಸ್ತರರು ಬಹುಮಾನದ ಪ್ರಿಂಟನ್ನು ಅವನ ಮುಂದಿಟ್ಟರು. ಅವನು ಬಹಳ ಹೊತ್ತು ನೋಡಿದನು.

‘ಇದು ಅವ್ವನ ಕೈ ಖರೇ ರೀ. ಮಾರಿ ಎಲ್ಲೈತ್ರಿ?’

ಮಾಸ್ತರರು ಆ ರಾತ್ರಿ ನೆಗೆಟಿವ್‌ಗಳ ಡಬ್ಬಿ ತೆರೆದು ಕುಳಿತರು. ಆ ದಿನದ ರೋಲಿನಲ್ಲಿ ಆಕೆಯ ಹನ್ನೊಂದು ಚಿತ್ರಗಳಿದ್ದವು. ಹತ್ತರಲ್ಲಿ ಕೈಗಳು ಮಾತ್ರ. ಹನ್ನೊಂದನೆಯದು ಕ್ಯಾಮೆರಾ ಸರಿಪಡಿಸಿಕೊಳ್ಳುವಾಗ ಅರಿವಿಲ್ಲದೆ ಒತ್ತಿದ್ದು. ಅದರಲ್ಲಿ ಆಕೆ ತಲೆಯೆತ್ತಿದ್ದಾಳೆ, ಆದರೆ ಮೂಗು ಬಾಯಿಗೆ ಸೆರಗು ಸುತ್ತಿದೆ. ಚಿತ್ರವೂ ತುಸು ಮಸುಕು. ಅದನ್ನೇ ದೊಡ್ಡದಾಗಿ ಮಾಡಿಸಿ ಕೊಟ್ಟರು. ‘ಕಣ್ಣು ಅವ್ವನವ ರೀ. ಆದ್ರ ಮಾರಿಗೆ ಸೆರಗು ಕಟ್ಟಿದಾಕಿನ್ನ ಗ್ವಾಡಿಗೆ ಹ್ಯಾಂಗ ಹಾಕೋದು?’ ಎಂದು ಕೇಳಿದ ಹುಡುಗ ಉತ್ತರಕ್ಕೆ ಕಾಯಲಿಲ್ಲ. ಎರಡೂ ಪ್ರಿಂಟುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನಮಸ್ಕಾರ ಮಾಡಿ ಹೊರಟುಹೋದನು. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಮಾಸ್ತರರನ್ನು ನೋಯಿಸಿದ್ದು ಅದೇ.

ಬಿಗ್ಸನ ಕ್ಯಾಮೆರಾ ಜನರನ್ನು ಬಿಟ್ಟದ್ದು ಅದರ ಅಶಕ್ತಿಯಿಂದ. ಮಾಸ್ತರರ ಕ್ಯಾಮೆರಾ ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಹಾರುವ ಹಕ್ಕಿಯನ್ನೂ ನಿಲ್ಲಿಸಬಲ್ಲುದಾಗಿತ್ತು. ಎದುರಿಗೆ ಕುಳಿತವಳ ಮುಖವನ್ನು ಬಿಟ್ಟದ್ದು ಯಂತ್ರವಲ್ಲ.

ಇಂಥ ಬಿಡುವಿಕೆ ಅವರೊಬ್ಬರದೇ ದೋಷವಲ್ಲ. ಹಾವೇರಿಯ ಏಲಕ್ಕಿ ಹಾರವನ್ನು ಕೊರಳಿಗೆ ಧರಿಸಿದ ಮಂತ್ರಿ ಮಹೋದಯರ ಚಿತ್ರಗಳಿಗೆ ಲೆಕ್ಕವಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರನ್ನು ಹೊಗಳಿದವರೆಲ್ಲ ಏಲಕ್ಕಿ ಕಂಪಿನ ನಾಡೆಂದೇ ಕರೆದರು. ಆದರೆ ಒಂದೊಂದೇ ಕಾಯನ್ನು ಆಯ್ದು, ದಾರ ಸುತ್ತಿ ಹಾರ ಕಟ್ಟುವ ಬೆರಳುಗಳ ಒಡೆಯರನ್ನು ಚಿತ್ರದಲ್ಲಿ ಕಂಡವರು ವಿರಳ. ದೇವರಗುಡ್ಡದಲ್ಲಿ ದಸರೆಯ ಸಮಯದ ಕಾರ್ಣಿಕವೂ ಹೀಗೆಯೇ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ನುಡಿಯುವ ಆ ಒಂದು ಕ್ಷಣಕ್ಕೆ ಕ್ಯಾಮೆರಾಗಳೆಲ್ಲ ಮೇಲೆ ನೋಡುತ್ತವೆ. ಮಳೆ ಬೆಳೆಯ ಮಾತಿಗಾಗಿ ಉಸಿರು ಬಿಗಿಹಿಡಿದು ನಿಂತ ರೈತರ ಮುಖಗಳು ಕೆಳಗೇ ಉಳಿಯುತ್ತವೆ.

ಕಳೆದುಹೋಗುವುದು ಮನುಷ್ಯರ ಮುಖ ಮಾತ್ರವೂ ಅಲ್ಲ. ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರಿನ ವನ್ಯಧಾಮ ಘೋಷಣೆಯಾದದ್ದು 1974ರಲ್ಲಿ. ಅದು ಕೃಷ್ಣಮೃಗಗಳಿಗೂ, ಈ ಸೀಮೆಯ ಜನ ಎರೆಭೂತವೆಂದು ಕರೆಯುತ್ತಿದ್ದ ದೊಡ್ಡ ಹಕ್ಕಿಗೂ ಆಶ್ರಯವಾಗಿತ್ತು. ಕೃಷ್ಣಮೃಗಗಳು ಇಂದಿಗೂ ಇವೆ. ಎರೆಭೂತ ಈಗ ಅಲ್ಲಿ ಕಾಣಸಿಗದು. ಮಾಸ್ತರರ ಸಂಗ್ರಹದಲ್ಲಿ ಕೃಷ್ಣಮೃಗಗಳ ಜಿಗಿತಗಳು ಧಾರಾಳವಾಗಿವೆ, ಆ ಹಕ್ಕಿಯ ಒಂದು ಚಿತ್ರವೂ ಇಲ್ಲ. ಅದು ಇದ್ದೇ ಇರುತ್ತದೆ, ಮುಂದೆ ಎಂದಾದರೂ ತೆಗೆದರಾಯಿತು ಎಂದುಕೊಂಡಿದ್ದರು.

ನಮ್ಮ ನಾಡಿನ ಸ್ಮಾರಕಶಿಲೆಗಳು ಈ ವಿಷಯದಲ್ಲಿ ಒಂದು ಪಾಠ ಹೇಳುತ್ತವೆ. ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಲ್ಲುಗಳಲ್ಲಿ ಕೆತ್ತಿದ ಮುಖಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ತುರು ಕಾದು ಮಡಿದವನ ಮೂಗು ಹೇಗಿತ್ತೆಂಬುದನ್ನು ಯಾವ ವೀರಗಲ್ಲೂ ತಿಳಿಸದು. ಆದರೆ ಬರಹವುಳ್ಳ ಕಲ್ಲಿನಲ್ಲಿ ಅವನ ಹೆಸರಿದೆ, ಊರಿದೆ, ಎಷ್ಟೋ ಕಡೆ ಶಕವರ್ಷ ಮತ್ತು ತಿಥಿಯಿದೆ. ಅಕ್ಷರಗಳೊಡನೆ ಅವನು ಒಂಬೈನೂರು ವರ್ಷ ಬಾಳಿದ್ದಾನೆ. ಛಾಯಾಚಿತ್ರದ ರೀತಿ ಇದಕ್ಕೆ ವಿರುದ್ಧವಾದುದು. ಅದು ಮೂಗಿನ ಮೇಲಿನ ಮಚ್ಚೆಯನ್ನೂ ಬಿಡದು, ಆದರೆ ಹಿಂದೆ ಹೆಸರು ಬರೆಯದಿದ್ದರೆ ಒಂದು ತಲೆಮಾರು ಕಳೆಯುವುದರೊಳಗೆ ‘ಯಾರೋ ಒಬ್ಬ ಹೆಂಗಸು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮಾಸ್ತರರ ಬಹುಮಾನದ ಚಿತ್ರದಲ್ಲಿ ಮುಖವೂ ಇರಲಿಲ್ಲ, ಹೆಸರೂ ಇರಲಿಲ್ಲ. ಹಚ್ಚೆಯೊಂದೇ ಅದರ ಶಾಸನವಾಗಿತ್ತು, ಅದನ್ನು ಓದಬಲ್ಲವಳೂ ಈಗ ಇರಲಿಲ್ಲ.

ಅಂದಿನಿಂದ ಮಾಸ್ತರರ ಜೋಳಿಗೆಯಲ್ಲಿ ಕ್ಯಾಮೆರಾದ ಜೊತೆಗೆ ನೂರು ಹಾಳೆಯ ಒಂದು ನೋಟ್‌ಬುಕ್ ಸೇರಿಕೊಂಡಿತು. ಚಿತ್ರದ ಸಂಖ್ಯೆ, ದಿನಾಂಕ, ಹೆಸರು, ಊರು, ಕೆಲಸ ಎಂದು ಐದು ಕಲಮುಗಳು. ಮೊದಲು ಕೇಳುವುದು, ಬಳಿಕ ತೆಗೆಯುವುದು, ಮುಂದಿನ ಸಲ ಬರುವಾಗ ಪ್ರಿಂಟು ತಂದು ಕೈಗಿಡುವುದು. ಬೇಡವೆಂದವರ ಕಡೆಗೆ ಕ್ಯಾಮೆರಾ ತಿರುಗುವುದಿಲ್ಲ.

ಆದರೆ ಕೇಳಿ ತೆಗೆಯಹೊರಟಾಗ ಹೊಸದೊಂದು ಸಮಸ್ಯೆ ಎದುರಾಯಿತು. ಕೇಳಿದ ಕೂಡಲೆ ಹೆಣ್ಣುಮಕ್ಕಳು ಮುಖದ ಸೆರಗು ತೆಗೆದು, ಕೂದಲು ನೇವರಿಸಿಕೊಂಡು, ಮೆಣಸಿನಕಾಯಿಗೆ ಬೆನ್ನು ಮಾಡಿ, ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕೂರುತ್ತಾರೆ. ನಗುವುದಿಲ್ಲ. ಅಂಥ ಚಿತ್ರಕ್ಕೆ ಯಾವ ಸ್ಪರ್ಧೆಯಲ್ಲೂ ಬಹುಮಾನ ಬರಲಾರದು. ಮೊದಮೊದಲು ಮಾಸ್ತರರಿಗೆ ಬೇಸರವಾಗುತ್ತಿತ್ತು. ಕ್ರಮೇಣ ಅವರು ಒಂದು ನಿಯಮ ಮಾಡಿಕೊಂಡರು. ಒಬ್ಬೊಬ್ಬರವು ಎರಡು ಚಿತ್ರಗಳು: ಒಂದು ಅವರು ಹೇಗೆ ಉಳಿಯಬಯಸುತ್ತಾರೋ ಹಾಗೆ, ಇನ್ನೊಂದು ಅವರು ದುಡಿಯುವಾಗ. ಮೊದಲನೆಯದು ಮನೆಗೆ, ಎರಡನೆಯದು ಊರಿಗೆ. ಯಾವುದು ಸತ್ಯವೆಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳುವುದನ್ನು ಬಿಟ್ಟಿದ್ದಾರೆ.

ಈಗ ಪೇಟೆಯಲ್ಲಿ ತುಂಬು ಬಿಡಿಸುವವರ ಮಡಿಲಲ್ಲೂ ಮೊಬೈಲ್ ಇದೆ. ಇನ್ನು ನಿಮ್ಮ ಚಿತ್ರ ಯಾರಿಗೆ ಬೇಕೆಂದು ಮಾಸ್ತರರನ್ನು ಗೆಳೆಯರು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಆದರೆ ಮೊಬೈಲ್ ನೀರಿಗೆ ಬಿದ್ದು, ಕೆಟ್ಟು, ಮಗಳ ಮದುವೆಯ ಚಿತ್ರಗಳೆಲ್ಲ ಹೋದುವೆಂದು ಹೇಳಿಕೊಂಡವರು ಅವರ ನೋಟ್‌ಬುಕ್ಕಿನಲ್ಲೇ ನಾಲ್ವರಿದ್ದಾರೆ. ಕಾಗದದ ಪ್ರಿಂಟು ಇನ್ನೂ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಉಳಿಯುತ್ತದೆ.

ಹಾವೇರಿಗೂ ಅವರು ಹೋಗುತ್ತಾರೆ, ಸಂಜೆಯ ಹೊತ್ತಿಗೇ. ಇಳಿಬಿಸಿಲು ಮಂಟಪದೊಳಗೆ ಬರುವಾಗ ಯಾರಾದರೂ ಅಡ್ಡ ಬಂದರೆ ಈಗ ಕಾಯುವುದಿಲ್ಲ. ಕಳೆದ ಸಲ ಮಂಟಪಕ್ಕೆ ಇಳಿಯುವ ಮೆಟ್ಟಿಲ ಮೇಲೆ ಮೊಮ್ಮಗನ ಕೈಹಿಡಿದ ಒಬ್ಬ ಅಜ್ಜಿಯಿದ್ದಳು. ಚಿತ್ರ ತೆಗೆದು ಹೆಸರು ಕೇಳಿದಾಗ, ‘ಗುಡಿ ತಗಿಯಾಕ ಬಂದ ಮಾಸ್ತರಿಗೆ ನನ್ನ ಹೆಸರ್ಯಾಕಪಾ?’ ಎಂದು ನಕ್ಕಳು. ಗುಡಿಯ ಹೆಸರು ಎಲ್ಲ ಪುಸ್ತಕದಾಗ ಐತಬೇ ಅವ್ವಾ, ನಿಮ್ಮದಿಲ್ಲ ಎಂದರು ಮಾಸ್ತರರು. ಆಕೆ ಒಂದು ಗಳಿಗೆ ಸುಮ್ಮನಿದ್ದು, ತನ್ನ ಹೆಸರನ್ನೂ ಮೊಮ್ಮಗನ ಹೆಸರನ್ನೂ ತವರಿನ ಹೆಸರನ್ನೂ ನಿಧಾನವಾಗಿ ಹೇಳಿ ಬರೆಸಿದಳು. ಬಳಿಕ, ಸರಿಯಾಗಿ ಬರೆದಿದ್ದಾರೋ ಇಲ್ಲವೋ ಓದಿ ಹೇಳೆಂದು ಮೊಮ್ಮಗನಿಗೆ ನೋಟ್‌ಬುಕ್ ಕೊಡಿಸಿದಳು.