ಅಮ್ಮ ತಲೆಯೆತ್ತಿ ನಡೆದ ರಸ್ತೆ

ಮೆಟ್ರೊ ಇಳಿದು ಬ್ರಿಗೇಡ್ ರಸ್ತೆಯ ಜನರ ನಡುವೆ ನುಸುಳಿಕೊಂಡು ಬರುತ್ತಿದ್ದೇವೆ. ಅಮ್ಮನ ಕೈ ನನ್ನ ತೋಳಿನ ಮೇಲೆ, ಕಣ್ಣು ನೆಲದ ಮೇಲೆ. ಮಂಡಿನೋವು ಶುರುವಾದಾಗಿನಿಂದ ಅವಳು ನೋಡುವ ಬೆಂಗಳೂರು ಇಷ್ಟೇ: ಅಲುಗಾಡುವ ಚಪ್ಪಡಿ, ಬಾಯ್ತೆರೆದ ಗುಂಡಿ, ಕಾಲಿಗೆ ತೊಡರುವ ಕೇಬಲ್ಲು.

ಬಲಕ್ಕೆ ತಿರುಗಿದರೆ ಚರ್ಚ್ ಸ್ಟ್ರೀಟ್. ಇಳಿಬಿಸಿಲು ನೇರ ಮುಖಕ್ಕೆ. ರಸ್ತೆಯಲ್ಲಿ ಡಾಂಬರಿಲ್ಲ, ಒತ್ತೊತ್ತಾಗಿ ಕೂರಿಸಿದ ಸಣ್ಣ ಸಣ್ಣ ಗ್ರಾನೈಟ್ ಕಲ್ಲುಗಳು. ಹಿಂದಿನಿಂದ ಒಂದು ಕಾರು ಬರುತ್ತಿದೆ. ಟೈರು ಕಲ್ಲಿಗೇರಿದ್ದೇ ತಡ ಗಡಗಡ ಸದ್ದು, ವೇಗ ತಾನಾಗಿ ಇಳಿಯುತ್ತದೆ. ಬೋರ್ಡು ಹೇಳಿದರೆ ಯಾರೂ ಕೇಳದ ಮಾತನ್ನು ಇಲ್ಲಿ ಕಲ್ಲು ಹೇಳುತ್ತಿದೆ.

ನಾವು ಫುಟ್‌ಪಾತ್ ಹಿಡಿಯುತ್ತೇವೆ. ಹತ್ತು ಹೆಜ್ಜೆ ಆಗಿಲ್ಲ, ತೋಳಿನ ಮೇಲಿನ ಭಾರ ಹಗುರಾಗುತ್ತದೆ.

"ಬಿಡೇ ಕೈ, ಇಲ್ಲಿ ನಾನೇ ನಡೀತೀನಿ."

ಬ್ಲಾಸಮ್‌ ಪುಸ್ತಕದಂಗಡಿಯ ಬೋರ್ಡನ್ನು ಓದುತ್ತಾಳೆ. ಕಾಫಿಯ ವಾಸನೆ ಎತ್ತಲಿಂದ ಬಂತೆಂದು ಹುಡುಕುತ್ತಾಳೆ. ಎಷ್ಟು ತಿಂಗಳಾಯಿತೋ, ಅಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆದು! ನಡಿಗೆಯ ದಾರಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಬೇರೆ ಅಳತೆ ಬೇಡ.

ಈ ನೆಮ್ಮದಿ ಕಾಲ ಕೆಳಗಿಂದಲೇ ಬಂದದ್ದು. ಟೆಂಡರ್‌ಶ್ಯೂರ್ ಯೋಜನೆಯಡಿ 2017ರಲ್ಲಿ ಬೀದಿಯನ್ನು ಅಗೆದು, ಸುಮಾರು ಒಂದು ವರ್ಷ ಎಲ್ಲರೂ ಧೂಳು ಕುಡಿದು, 2018ರ ಮಾರ್ಚ್‌ನಲ್ಲಿ ಮತ್ತೆ ತೆರೆದರು. ನೀರು, ಚರಂಡಿ, ವಿದ್ಯುತ್ತು ಎಲ್ಲಕ್ಕೂ ನೆಲದಡಿ ಅದರದರ ಜಾಗ ಗೊತ್ತುಮಾಡುವುದು ಆ ಯೋಜನೆಯ ಜೀವಾಳ. ರಿಪೇರಿ ಬಂದರೆ ಮುಚ್ಚಳ ತೆಗೆದರೆ ಸಾಕು, ಗುದ್ದಲಿ ಬೇಡ. ಅಂಥ ಒಂದು ಮುಚ್ಚಳದ ಮೇಲೆ ಅಮ್ಮ ಈಗಷ್ಟೇ ಕಾಲಿಟ್ಟು ದಾಟಿದಳು. ಅದು ಕದಲಲಿಲ್ಲ, ಅವಳಿಗೆ ಗೊತ್ತೂ ಆಗಲಿಲ್ಲ.

ಮುಂದೆ ಬುಲೆಟ್ಟೊಂದು ಫುಟ್‌ಪಾತ್‌ಗೆ ಅಡ್ಡ ನಿಂತಿದೆ. ಸೈಲೆನ್ಸರ್ ಇನ್ನೂ ಬಿಸಿ. ಗೋಡೆಗೂ ಅದಕ್ಕೂ ನಡುವೆ ಒಬ್ಬರು ಓರೆಯಾಗಿ ತೂರಬಹುದಷ್ಟೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಜಾಗ ಬಿಡಿ ಎಂದಿತ್ತು, ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು. ಅಮ್ಮ ಸೀರೆ ನೆರಿಗೆ ಒತ್ತಿ ಹಿಡಿದು, ಕಲ್ಲುರಸ್ತೆಗೆ ಇಳಿದು, ಸುತ್ತಿ ಬರುತ್ತಾಳೆ. ಕಣ್ಣು ಮತ್ತೆ ನೆಲಕ್ಕೆ. ಮುಕ್ಕಾಲು ಕಿಲೋಮೀಟರಿನ ದಾರಿ ಹಾಳಾಗಲು ಇಷ್ಟು ಸಾಕು, ನನಗೆ ನಿಜಕ್ಕೂ ಸಂಕಟವಾಗುತ್ತದೆ.

2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಇಲ್ಲಿಗೆ ವಾಹನಗಳೇ ಬರುತ್ತಿರಲಿಲ್ಲ. ಅಮ್ಮನಿಗೆ ಅದನ್ನು ಹೇಳುತ್ತೇನೆ. "ನಡುರಸ್ತೇಲೇ ನಡೀತಿದ್ರಾ?" ಎಂದು ಕೇಳಿ, ಒಂದು ಗಳಿಗೆ ನಿಂತು ಆ ಕಲ್ಲುಹಾಸನ್ನು ನೋಡುತ್ತಾಳೆ.

ಸೇಂಟ್ ಮಾರ್ಕ್ಸ್ ರಸ್ತೆ ಬಂತು. ಆಚೆಯ ಫುಟ್‌ಪಾತ್ ಕೂಡ ಅಗಲವಾಗಿದೆ. ಟೆಂಡರ್‌ಶ್ಯೂರ್‌ನ ಮೊದಮೊದಲ ರಸ್ತೆಗಳಲ್ಲಿ ಅದೂ ಒಂದು. ಎರಡರ ನಡುವೆ ಮಾತ್ರ ಬಿಡುವಿಲ್ಲದ ವಾಹನಗಳು. ಅಮ್ಮ ಮಾತು ನಿಲ್ಲಿಸುತ್ತಾಳೆ. ಅವಳ ಬೆರಳು ನನ್ನ ತೋಳನ್ನು ಹುಡುಕಿ ಬಿಗಿಯಾಗುತ್ತವೆ. ಒಂದು ಕಾರು ಹೋಗಲಿ, ಇನ್ನೊಂದು ಹೋಗಲಿ ಎಂದು ಅಂಚಿನಲ್ಲೇ ನಿಂತಿದ್ದೇವೆ.